ಯಾವ ಫೋನಿನಲ್ಲೂ ಇಲ್ಲದ ರನ್‌ಅಪ್

ನಮ್ಮೂರಿನ ಟೆನಿಸ್ ಬಾಲ್ ಕ್ರಿಕೆಟ್ ತಂಡದ ಸ್ಕೋರ್ ಪುಸ್ತಕವನ್ನು ನಾಲ್ಕು ವರ್ಷ ನಾನು ಬರೆದೆ. ಅಣ್ಣ ತಂಡದ ಕ್ಯಾಪ್ಟನ್; ಅವನ ಅಕ್ಷರ ಅವನಿಗೇ ಓದಲು ಬರುತ್ತಿರಲಿಲ್ಲ. ನಾನಾಗ ಭಾರತೀನಗರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಭಾನುವಾರ ಅವನ ಬೈಕಿನ ಹಿಂದೆ ಕೂತು ಆತಗೂರಿಗೋ ಮಳವಳ್ಳಿ ಕಡೆಗೋ ಹೋಗುವುದು, ಮೈದಾನದ ಅಂಚಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬಾಲಿಗೊಂದು ಗುರುತು ಹಾಕುವುದು, ಹೆಚ್ಚು ಮಾತಾಡದೆ ಸಂಜೆ ಮನೆಗೆ ಬರುವುದು. ಆ ಮೈದಾನಗಳಿಗೆ ಹೆಂಗಸರು ಬರುವ ರೂಢಿಯಿರಲಿಲ್ಲ. ತೊಡೆಯ ಮೇಲೆ ಪುಸ್ತಕ ಇದ್ದುದರಿಂದ ನನ್ನನ್ನು ಯಾರೂ ಏನೂ ಕೇಳಲಿಲ್ಲ.

ತಂಡದಲ್ಲೊಬ್ಬ ವೇಗದ ಬೌಲರ್ ಇದ್ದ. ನಮ್ಮ ಬೀದಿಯವನೇ, ನನಗಿಂತ ಒಂದು ವರ್ಷ ದೊಡ್ಡವನು. ಬ್ಯಾಟು ಇಳಿಯುವುದರೊಳಗೆ ಮಧ್ಯದ ಸ್ಟಂಪು ಹಾರಿ ಹಿಂದೆ ಬಿದ್ದಿರುತ್ತಿತ್ತು. ಅದನ್ನು ನೋಡಲೆಂದೇ ಮದ್ದೂರಿನಿಂದ, ಮಂಡ್ಯದಿಂದ ಹುಡುಗರು ಬರುತ್ತಿದ್ದರು. ಕಳೆದ ಮಳೆಗಾಲದಲ್ಲಿ ಅವನಿಗೆ ಡೆಂಗಿ ಜ್ವರ ಬಂತು. ವಾರ ತುಂಬುವುದರೊಳಗೆ ಅವನು ಇರಲಿಲ್ಲ. ಇಪ್ಪತ್ತೈದು ಆಗಿರಲಿಲ್ಲ.

ಒಂದು ವರ್ಷವಾದ ಮೇಲೆ ಅವನ ನೆನಪಿನಲ್ಲಿ ಒಂದು ದಿನದ ಪಂದ್ಯಾವಳಿ ಎಂದು ತೀರ್ಮಾನವಾಯಿತು. ಅವನ ತಾಯಿಯನ್ನು ಕರೆಯಲು ನಾಲ್ವರು ಹೋದೆವು: ಅಣ್ಣ, ನಾನು, ಮದ್ದೂರಿನಲ್ಲಿ ಎಳನೀರು ಲೋಡು ಮಾಡಿಸುವ ಒಬ್ಬ ಅಭಿಮಾನಿ, ಮಳವಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಇನ್ನೊಬ್ಬ. ಅವನ ತಾಯಿ ಸೋಮನಹಳ್ಳಿಯ ಒಂದು ಗಾರ್ಮೆಂಟ್ಸ್‌ಗೆ ಕೆಲಸಕ್ಕೆ ಹೋಗುತ್ತಾರೆ. ವಾರವೆಲ್ಲ ಹೊಲಿಗೆ, ಭಾನುವಾರ ಮನೆಯ ಒಗೆತ. ಮಗ ಆಡಿದ್ದನ್ನು ಒಂದು ದಿನವೂ ನೋಡಿರಲಿಲ್ಲ.

ಕಾಫಿ ಕೊಟ್ಟು ಜಗಲಿಯ ಮೇಲೆ ಕೂತರು. "ಅಲ್ಲಿಗ್ ಬಂದು ನಾನೇನ್ಮಾಡ್ಲಪ್ಪ? ಅವ್ನೇ ಇಲ್ದಿದ್ ಮ್ಯಾಲೆ" ಎಂದರು. ಆಮೇಲೆ, "ನೀವೆಲ್ಲ ನೋಡಿದ್ದೀರಿ. ಅವ್ನು ಬಾಲ್ ಆಕೋದ ನಂಗೂ ಒಂದ್ಸಲ ತೋರ್ಸ್ರಪ್ಪ, ಫೋನಲ್ಲಿರ್ತದಲ್ಲ" ಎಂದರು.

"ಅದ್ಕೇನವ್ವ, ನನ್ ಫೋನ್ ತುಂಬ ಅವ್ನೇ ಅವ್ನೆ" ಎಂದು ಮಳವಳ್ಳಿಯವನು ಉತ್ಸಾಹದಿಂದ ವಿಡಿಯೊ ಹಾಕಿದ. ಬ್ಯಾಟು ಹಿಡಿದು ನಿಂತ ಒಬ್ಬ ಕಾಣಿಸಿದ. ಎಲ್ಲಿಂದಲೋ ಓಡುವ ಕಾಲಿನ ಸದ್ದು. ಬಾಲು ಬಂತು, ಸ್ಟಂಪು ಹಾರಿತು, ಶಿಳ್ಳೆ. ಎರಡನೆಯದೂ ಹಾಗೆಯೇ. ಮೂರನೆಯದೂ.

"ಇವ್ನ್ಯಾರು?"

"ಔಟಾದೋನು ಕಣವ್ವ."

"ಔಟಾದೋರ್ನೇ ತೋರುಸ್ತಾ ಇದ್ದೀಯಲ್ಲ. ನನ್ ಮಗ ಎಲ್ಲಪ್ಪ?"

ಆಗಲೇ ನಮಗೆ ಹೊಳೆದದ್ದು. ಸ್ಟಂಪು ಹಾರುವುದು ಸಿಗಬೇಕೆಂಬ ಆಸೆಯಲ್ಲಿ ಎಲ್ಲರೂ ಫೋನನ್ನು ಆ ತುದಿಗೇ ಹಿಡಿದಿದ್ದರು. ಅಣ್ಣನ ಫೋನಿನಲ್ಲೂ ಅಷ್ಟೇ. ಮಂಡ್ಯದ ಹುಡುಗರಿಗೆ ಕರೆ ಮಾಡಿ ತರಿಸಿದ ವಿಡಿಯೊಗಳಲ್ಲೂ ಅಷ್ಟೇ. ವಿಕೆಟ್ ಬಿದ್ದ ಮೇಲೆ ಒಂದರಲ್ಲಿ ಅವನು ಬಂದ. ಅಷ್ಟರಲ್ಲಿ ಎಲ್ಲರೂ ಮುತ್ತಿಕೊಂಡು, ಅಂಗಿಯ ಬೆನ್ನು ಮಾತ್ರ ಕಂಡಿತು. ತಾಯಿ ಆ ಬೆನ್ನನ್ನು ಮೂರು ಸಲ ಹಾಕಿಸಿ ನೋಡಿದರು.

ಮದ್ದೂರಿನವನಿಗೆ ತಡೆಯಲಾಗಲಿಲ್ಲ. "ಇರವ್ವ, ನಾನೇ ಓಡಿ ತೋರುಸ್ತೀನಿ" ಎಂದು ಬೀದಿಗಿಳಿದ. ಆ ಕಡೆಯ ಕಂಬದ ಹತ್ತಿರದಿಂದ ಓಡಿಬಂದು ಕೈ ಬೀಸಿದ.

"ಲೇ, ಅಗ್ಗ ಕಿತ್ಕಂಡ್ ಓದ ಕರ ಇದ್ದಂಗಿದ್ದೀಯಲ್ಲಾ" ಎಂದು ಮಳವಳ್ಳಿಯವನು ನಕ್ಕ. "ಅವ್ನು ಇಪ್ಪತ್ ಎಜ್ಜೆ ಓಡ್ತಿದ್ದ."

"ಇಪ್ಪತ್ತಾ? ಅತ್ಲಗೆ ಮಳವಳ್ಳಿಯಿಂದ್ಲೇ ಓಡ್ಬತ್ತಿದ್ದ ಅನ್ನು. ಅದ್ನೈದು ಕಣ್ಲಾ."

ಇಬ್ಬರೂ ಓಡಿದರು, ಆಮೇಲೆ ಅಣ್ಣನೂ. ಮೂವರದೂ ಬೇರೆ ಬೇರೆ ಓಟ. ತಾಯಿಯ ಮುಖದ ಮೇಲಿದ್ದ ನಗು ಮೆಲ್ಲಗೆ ಇಳಿಯಿತು. "ಒಬ್ಬೊಬ್ರಿಗ್ ಒಂದೊಂದ್ ತರ ಗ್ಯಾಪ್ಕ. ಓಗ್ಲಿ ಬುಡಿ" ಎನ್ನುತ್ತ ಕಾಫಿ ಲೋಟಗಳನ್ನು ಎತ್ತಿಕೊಂಡರು.

ಅವನ ಓಟ ನನಗೆ ಗೊತ್ತಿತ್ತು. ನನ್ನ ಕುರ್ಚಿ ಇರುತ್ತಿದ್ದುದು ಪಿಚ್ಚಿನ ಪಕ್ಕಕ್ಕೆ, ಅವನು ಓಡಿಬರುವುದು ಪೂರ್ತಿ ಕಾಣುವ ಕಡೆ. ಹನ್ನೊಂದು ಹೆಜ್ಜೆ. ಮೊದಲ ಎರಡು ಬರೀ ನಡಿಗೆ. ಬಲಗೈಯಲ್ಲಿ ಬಾಲು, ಐದನೆಯ ಹೆಜ್ಜೆಯಿಂದ ಎಡಗೈ ಎದೆಯ ಮೇಲೆ, ಅಂಗಿಯ ಜೇಬನ್ನು ಒತ್ತಿಕೊಂಡಂತೆ. ಕೊನೆಯ ಹೆಜ್ಜೆಗೆ ಮುಂಚೆ ಒಂದು ಸಣ್ಣ ನೆಗೆತ. ಪುಸ್ತಕದಲ್ಲಿ ಬರೆಯಬೇಕಿಲ್ಲದ ಇದನ್ನೆಲ್ಲ ನಾನು ಏಕೆ ಗಮನಿಸಿದ್ದೆ ಎಂದು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಬಾಯಿಮಾತಿನಲ್ಲಿ ಅಣ್ಣನಿಗೆ ಹೇಳಿಕೊಡಲು ನೋಡಿದೆ. ಅವನು ಎದೆಯ ಮೇಲೆ ಕೈ ಇಟ್ಟರೆ ಕಾಲು ಮರೆತ, ಕಾಲು ಸರಿಮಾಡಿದರೆ ನೆಗೆತ ಮರೆತ. ಕೊನೆಗೆ ರೇಗಿದ. "ಅಷ್ಟ್ ಗೊತ್ತಿದ್ರೆ ನೀನೇ ಓಡಮ್ಮಿ, ಸುಮ್ಕೆ ಕೂತ್ಕಂಡ್ ತಪ್ಪ್ ಇಡಿಬ್ಯಾಡ."

ಎದುರು ಮನೆಯ ಜಗಲಿಯಲ್ಲಿ ಆಗಲೇ ನಾಲ್ಕೈದು ಜನ ಸೇರಿದ್ದರು. ನಾನು ಆ ಬೀದಿಯಲ್ಲಿ ಓಡಿದ್ದು ಐದನೇ ಕ್ಲಾಸಿನವರೆಗೆ. ತಾಯಿ ಲೋಟ ಹಿಡಿದು ಹೊಸ್ತಿಲು ದಾಟುವುದರಲ್ಲಿದ್ದರು. ಒಳಗೆ ಹೋದರೆ ಇನ್ನೊಮ್ಮೆ ಅವರು ಕೇಳುವುದಿಲ್ಲ ಎಂದು ನನಗೆ ಅನ್ನಿಸಿತು. "ಅತ್ತೆ, ಸ್ವಲ್ಪ ಇರಿ" ಎಂದೆ. ಚಪ್ಪಲಿ ಬಿಟ್ಟೆ, ದುಪಟ್ಟಾ ಸೊಂಟಕ್ಕೆ ಕಟ್ಟಿದೆ. ಹನ್ನೊಂದು ಹೆಜ್ಜೆ ಅಳೆದು ನಿಂತು, ಎರಡು ಹೆಜ್ಜೆ ನಡೆದು, ಓಡಿದೆ.

ತಿರುಗಿದಾಗ ತಾಯಿ ಹೊಸ್ತಿಲ ಮೇಲೇ ನಿಂತಿದ್ದರು. "ಬಸ್ಸು" ಎಂದರು.

ನಮಗೆ ಅರ್ಥವಾಗಲಿಲ್ಲ.

"ಬಸ್ ಇಡಿಯಕ್ಕೆ ಇಂಗೇ ಓಡ್ತಿದ್ದ ಕಣ್ರಪ್ಪ. ಪಾಸು ಬಿದ್ದೋಯ್ತದೆ ಅಂತ ಜೇಬ್ ಇಡ್ಕಂಡು, ಡ್ರೈವರು ನಿಲ್ಲುಸ್ದೆ ಇದ್ರೆ ಒಂದ್ ಎಗುರ್ ಎಗುರಿ ಅತ್ಕಳೋನು. ಕಾಲೇಜ್‌ಗೋಗೋವಷ್ಟ್ ದಿಸ್ವೂ ಈ ಬಾಕ್ಲಲ್ ನಿಂತು ನಾನ್ ನೋಡಿವ್ನಿ." ಲೋಟಗಳನ್ನು ಕೆಳಗಿಟ್ಟರು. "ನಾನ್ ನೋಡೇ ಇಲ್ಲ ಅಂದ್ಕಂಡಿದ್ನಲ್ಲವ್ವ! ಇನ್ನೊಂದ್ಸಲ ಓಡು ಮಗ."

ಓಡಿದೆ. ಎದುರು ಜಗಲಿಯವರ ಕಡೆ ಈ ಸಲ ನೋಡಲಿಲ್ಲ. ಆಮೇಲೆ ತಾಯಿಯೇ ಬೀದಿಗಿಳಿದು ಮೂವರನ್ನೂ ಓಡಿಸಿದರು. "ಕೈ ಇನ್ನೊಸಿ ಮ್ಯಾಲಕ್ಕೆ." "ಅಂಗಲ್ಲ, ಬಸ್ಸು ಒಂಟೋಯ್ತಾ ಅದೆ ಅಂದ್ಕಂಡು ಓಡು." ಮದ್ದೂರಿನವನಿಗೆ, "ನಿಂಗೆ ಒಟ್ಟೆ ಮೊದ್ಲು ಬತ್ತದೆ, ಕಾಲು ಆಮ್ಯಾಕ್ ಬತ್ತದೆ" ಎಂದರು. ಬೀದಿಯೆಲ್ಲ ನಕ್ಕಿತು, ಅವರೂ ನಕ್ಕರು. ವರ್ಷದಿಂದ ಆ ನಗು ಕೇಳಿರಲಿಲ್ಲ.

ಪಂದ್ಯಾವಳಿಯ ದಿನ ಅವರು ಭಾನುವಾರದ ಒಗೆತ ಬಿಟ್ಟು ಬಂದರು, ಜೊತೆಗೆ ಗಾರ್ಮೆಂಟ್ಸ್‌ನ ಇಬ್ಬರು ಗೆಳತಿಯರನ್ನೂ ಕರೆತಂದರು. ನನ್ನ ಪಕ್ಕದಲ್ಲೇ ಕೂತರು. ಮೊದಲ ಓವರಿಗೆ ಮುಂಚೆ, ಹಾರ ಹಾಕಿದ ಮಗನ ಫೋಟೋದ ಬಳಿ ಎರಡು ಮಾತಾಡಿ ಎಂದು ಅಣ್ಣ ಅವರಿಗೆ ಮೈಕು ಕೊಟ್ಟ. ಅವರು ಮೈಕನ್ನು ದೂರ ತಳ್ಳಿ, ಫೋನು ಹಿಡಿದು ಸಾಲಾಗಿ ನಿಂತಿದ್ದ ಹುಡುಗರಿಗೆ ಕೂಗಿ ಹೇಳಿದರು: "ಬಾಲ್ ಆಕೋರ್ ಕಡೀಕೂ ಇಡೀರಪ್ಪ ಫೋನ. ಅವ್ರ್ ಮನೇಲೂ ಅವ್ವಂದೀರು ಅವ್ರೆ."

ಅರ್ಧಕ್ಕರ್ಧ ಫೋನುಗಳು ಈ ತುದಿಗೆ ತಿರುಗಿದವು. ಬೌಲ್ ಮಾಡಬೇಕಿದ್ದ ಮಳವಳ್ಳಿ ತಂಡದ ಹುಡುಗ ಅಷ್ಟು ಫೋನು ಕಂಡು ಗಾಬರಿಯಾಗಿ ಕೂದಲು ಸರಿಮಾಡಿಕೊಂಡ, ಓಡಿಬಂದ, ಕೀಪರಿಗೂ ಸಿಗದಷ್ಟು ವೈಡ್ ಹಾಕಿದ. "ಪರ್ವಾಗಿಲ್ಲ ಕಣ್ ಮಗ, ಇನ್ನೊಂದ್ ಆಕು" ಎಂದು ಅವರು ಕೂಗಿದರು.