ಕಾಲುವೆಯ ಆಚೆಯಿಂದ ಬಂದ ಕೂಗು

ಶಕುನ, ದೆವ್ವ, ಅಶರೀರವಾಣಿ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುವವನು ನಾನು. ಮಾಸ್ತರನ ಕೊಬ್ಬು ಎನ್ನಿ ಬೇಕಾದರೆ. ಇದನ್ನೂ ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ.

ಗೋಪನಕೊಪ್ಪದ ಆಚೆ, ಕಾಲುವೆಯ ದಂಡೆಗೆ ನಮ್ಮದು ಇಪ್ಪತ್ತು ಮನೆಗಳ ಓಣಿ. ಊರಿಗೆ ಹೋಗಲು ಕಾಲುವೆ ದಾಟಲೇಬೇಕು. ಮೊದಲು ಅಲ್ಲಿದ್ದದ್ದು ಒಂದು ಜಾಲಿ ದಿಮ್ಮಿ. ಎದುರುಬದುರು ಇಬ್ಬರು ಬಂದರೆ ಇಬ್ಬರೂ ನೀರಿಗೆ. ಅದಕ್ಕೇ ಕಾಲಿಡುವ ಮೊದಲು "ಬಂದೆ ನೋಡ್ರಿ!" ಎಂದು ಕೂಗುವ ರೂಢಿ ಬೆಳೆಯಿತು. ಆಚೆಯವರು ಆಗಲೇ ಹೊರಟಿದ್ದರೆ "ನಿಂದರ್ರಿ!" ಎನ್ನುತ್ತಿದ್ದರು. ದಿಮ್ಮಿ ಹೋಗಿ ಕಲ್ಲುಚಪ್ಪಡಿ ಬಂತು, ಕೂಗು ಉಳಿಯಿತು. ತೊಂಬತ್ತರ ದಶಕದಲ್ಲಿ ಚಕ್ಕಡಿ ಹೋಗುವಷ್ಟು ಅಗಲದ ಸಿಮೆಂಟ್ ಸೇತುವೆಯಾದ ಮೇಲೆ ಎಲ್ಲರೂ ಬಿಟ್ಟರು, ನಮ್ಮಪ್ಪನೊಬ್ಬರನ್ನು ಬಿಟ್ಟು.

ನನಗೋ ಭಾರಿ ನಾಚಿಕೆ. "ಈಗ್ಯಾರ್ ಬೀಳ್ತಾರಪ್ಪಾ? ಸಾಕ್ ಮಾಡು!" ಎಂದು ಒಮ್ಮೆ ಜನರೆದುರೇ ರೇಗಿದ್ದೆ. ಅಪ್ಪ "ಆತು ಬಿಡಪಾ" ಎಂದಷ್ಟೇ ಅಂದರು. ಮುಂದೆ ಅವರಿಗೆ ಲಕ್ವಾ ಹೊಡೆದು, ಒಂದು ಕೈಕಾಲು ಬಿದ್ದು, ಮಾತೇ ನಿಂತುಹೋಯಿತು. 

ಅದಾದ ಮರುವರ್ಷದ ಮಳೆಗಾಲ. ಆರು ವರ್ಷದ ಮಗಳಿಗೆ ಮೈ ಸುಡುವ ಜ್ವರ. ಪೇಟೆಯ ದುರ್ಗದಬೈಲಿನ ಹತ್ತಿರ ವೈದ್ಯರಿಗೆ ತೋರಿಸಿ, ಅವಳನ್ನು ಹೆಗಲಿಗೆ ಹಾಕಿಕೊಂಡು ಮುಸ್ಸಂಜೆಗೆ ಸೇತುವೆಗೆ ಬಂದೆ. ಕಾಲುವೆ ತುಂಬಿ, ಕೆಂಪು ನೀರು ಸೇತುವೆಯ ಮೇಲೆಯೇ ಹರಿಯುತ್ತಿತ್ತು. ದಿನಾ ದಾಟುವ ದಾರಿಯಲ್ಲವೇ ಎಂದು ಕಾಲಿಟ್ಟೆ.

"ನಿಂದರಪಾ!"

ಆಚೆಯಿಂದ ಅಪ್ಪನ ದನಿ. ಗಂಟಲು ಹರಿಯುವ ಹಾಗೆ ಕೂಗಿದ್ದರು. ಜ್ವರದಲ್ಲಿದ್ದ ಮಗಳೂ ತಲೆ ಎತ್ತಿ, "ಅಪ್ಪಾ, ಅಜ್ಜ ಒದರಾಕತ್ತಾನ" ಎಂದಳು.

ಹಿಂದೆ ಸರಿದು ನಿಂತೆ. ಯಾರೂ ಬರಲಿಲ್ಲ. ಮಳೆ ತಗ್ಗಿ ನೀರು ಇಳಿದಾಗ ನೋಡಿದರೆ, ಸೇತುವೆಯ ನಡುಭಾಗವೇ ಇರಲಿಲ್ಲ! ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಮಗಳೂ ಇಲ್ಲ, ನಾನೂ ಇಲ್ಲ.

ಮೈಲುದೂರದ ಇನ್ನೊಂದು ಸೇತುವೆಯ ಸುತ್ತುದಾರಿ ಹಿಡಿದು ಮನೆ ಮುಟ್ಟಿದೆ. ಅಪ್ಪ ಹಾಸಿಗೆಯಲ್ಲೇ ಇದ್ದರು.

"ಅಪ್ಪ ಏನರ ಮಾತಾಡಿದ್ರೇನು?" ಎಂದು ಹೆಂಡತಿಯನ್ನು ಕೇಳಿದೆ.

"ಎಲ್ಲೀ ಮಾತ್ರಿ? ನಾ ಇಲ್ಲೇ ಕುಂತೇನಿ. ತುಟಿ ಸೈತ ಅಲ್ಲಾಡಿಸಿಲ್ಲ."

ಮಾರನೆಯ ದಿನ ಓಣಿಯ ಮನೆಮನೆಗೂ ಹೋಗಿ ವಿಚಾರಿಸಿದೆ. ಆ ಹೊತ್ತಿನಲ್ಲಿ ಯಾರೂ ಹೊರಗೆ ಬಂದಿರಲಿಲ್ಲ, ಯಾರಿಗೂ ಕೂಗು ಕೇಳಿರಲಿಲ್ಲ. ಭ್ರಮೆ ಎನ್ನೋಣವೆಂದರೆ ಮಗಳಿಗೂ ಕೇಳಿಸಿದೆಯಲ್ಲ! 

ಅಪ್ಪನನ್ನಂತೂ ಆ ರಾತ್ರಿಯೇ ಕೇಳಿದ್ದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಪಕ್ಕದಲ್ಲಿ ಮಲಗಿಸಿದ್ದ ಮೊಮ್ಮಗಳ ಪಾದವನ್ನು ಆಡುತ್ತಿದ್ದ ಒಂದೇ ಕೈಯಲ್ಲಿ ಹಿಡಿದುಕೊಂಡವರು, ಬೆಳಗಾಗುವವರೆಗೂ ಬಿಡಲಿಲ್ಲ.