ಅಕ್ಕನ ಕಾದಂಬರಿಯ ಎರಡು ಅತ್ತೆ

ನಲ್ಲಿ, ಪೈಪು ಮಾರುವ ನನ್ನ ಕಣ್ಣಿಂದ ನೋಡಿದರೆ ನಮ್ಮಕ್ಕ ಷೋಕೇಸಿನಲ್ಲಿಡುವ ಮಾಲಲ್ಲ. ಹೊಳಪು ಕಡಿಮೆ, ಸದ್ದು ಜಾಸ್ತಿ, ವಾರಂಟಿ ಮುಗಿದು ಬಹಳ ಕಾಲವಾಯಿತು. ಆದರೆ ಒಮ್ಮೆ ಗೋಡೆಯೊಳಗೆ ಕೂರಿಸಿದರೆ ಗೋಡೆ ಬಿದ್ದರೂ ಸೋರುವುದಿಲ್ಲ. ಬಸ್ ನಿಲ್ದಾಣದಲ್ಲಿ ಜನ ಮರೆತುಹೋದ ಸಾಮಾನುಗಳ ಕೋಣೆ ಅವಳ ವಶದಲ್ಲಿದೆ. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. ಯಾರೂ ಬಾರದ ಮಧ್ಯಾಹ್ನಗಳಲ್ಲಿ ಅಲ್ಲಿನ ಹಳೇ ಕಂಪ್ಯೂಟರಿನಲ್ಲಿ ಕೂತು ಅವಳೊಂದು ಕಾದಂಬರಿ ಟೈಪ್ ಮಾಡಿ ಮುಗಿಸಿದ್ದಳು. ಮನೆಯಲ್ಲಿ ಯಾರಿಗೂ ಸುಳಿವಿರಲಿಲ್ಲ.

ನನಗೆ ಗೊತ್ತಾದದ್ದು ಅವಳು ಪೆನ್ ಡ್ರೈವ್ ಹಿಡಿದು ಅಂಗಡಿಗೆ ಬಂದಾಗ. ಪ್ರಕಾಶಕರೊಬ್ಬರು ಹೊಸಬರಿಂದ ಕಾದಂಬರಿ ಕೇಳಿದ್ದರು. ಶನಿವಾರ ಸಂಜೆ ಕೊನೆ. ನಿಯಮದಂತೆ ಇಲ್ಲದ್ದನ್ನು ಅವರು ತೆರೆದೂ ನೋಡುವುದಿಲ್ಲವಂತೆ. ಬಿಲ್ ಹೊಡೆಯುವ ಕಂಪ್ಯೂಟರ್ ನನ್ನ ಹತ್ತಿರ ಇದ್ದುದರಿಂದ ನಾನು ಪಂಡಿತನಾದೆ.

"ಹಸ್ತಪ್ರತಿಯನ್ನು ಟೈಪ್ ಮಾಡಿಯೇ ಕಳುಹಿಸತಕ್ಕದ್ದು," ಎಂದು ಅಕ್ಕ ಓದಿದಳು. "ಹಸ್ತ ಅಂದ್ರೆ ಕೈ ತಾನೇ ಕಣೋ?"

"ಟೈಪ್ ಮಾಡೋದು ಮತ್ತೇನು ಕಾಲಲ್ಲಾ? ಮುಂದೆ ಓದು."

"ಪ್ರತಿ ಪುಟದ ಮೇಲೂ ಹೆಸರಿರಬೇಕು. ಲೇಖಕರ ಹೆಸರು ಎಲ್ಲಿಯೂ ಕಾಣಬಾರದು."

"ಮತ್ತೆ ಯಾರ ಹೆಸರು? ನಂದಾ?"

ಕಾದಂಬರಿಯ ಹೆಸರು ಎಂದು ಹೊಳೆಯುವಷ್ಟರಲ್ಲಿ ಇಬ್ಬರ ಚಹಾ ಆರಿಹೋಗಿತ್ತು. ಸಾಲುಗಳ ನಡುವೆ ಎರಡರಷ್ಟು ಜಾಗ ಬಿಡಬೇಕು ಎಂದಿತ್ತು. ಅಕ್ಕ ಒಂದೊಂದು ಸಾಲಿನ ಕೊನೆಗೂ ಎಂಟರ್ ಒತ್ತುತ್ತ ಹೋದಳು. ಮಾತುಗಳು ಅರ್ಧರ್ಧಕ್ಕೆ ಮುರಿದು ಬಿದ್ದವು. ಅದನ್ನೆಲ್ಲ ಅಳಿಸಿ, ಒಂದೇ ಸಲ ಇಡೀ ಕಾದಂಬರಿಗೆ ಜಾಗ ಕೊಡುವ ಗುಂಡಿ ಹುಡುಕಿದ್ದು ನಾನು. ಆ ಗುಂಡಿಯೇ ನನ್ನ ತಲೆ ತಿರುಗಿಸಿತು.

ಅಷ್ಟರಲ್ಲಿ ಅಕ್ಕನಿಗೆ ಹೊಸ ಭಯ ಹತ್ತಿತು. ಕಾದಂಬರಿಯಲ್ಲಿ ಕಥೆ ಹೇಳುವವಳು ಒಬ್ಬ ಸೊಸೆ. ಮನೆ ಆಳುವವಳು ಅತ್ತೆ. "ನಮ್ಮತ್ತೆ ಓದಿದ್ರೆ ಇದು ತಾನೇ ಅಂದ್ಕೋತಾರೆ."

"ಅವರೇ ಅಲ್ವಾ?"

"ಸುಮ್ನಿರೋ. ಅತ್ತೆ ಬೇಡ, ಗಂಡನ ಚಿಕ್ಕಮ್ಮ ಅಂತ ಮಾಡೋಣ."

"ಅಷ್ಟೇ ತಾನೇ? ಒಂದೇ ಏಟು," ಎಂದೆ. ಅತ್ತೆ ಇದ್ದಲ್ಲೆಲ್ಲ ಚಿಕ್ಕಮ್ಮ ಎಂದು ಬದಲಿಸಿ, ಉಳಿಸಿ, ಮುಚ್ಚಿ, ಕೈ ಕೊಡವಿದೆ. ನಿಲ್ದಾಣದ ಕಂಪ್ಯೂಟರಿನಲ್ಲಿ ಅವಳು ಏನೂ ಉಳಿಸಿರಲಿಲ್ಲ; ಇದ್ದದ್ದು ಅದೊಂದೇ ಪ್ರತಿ.

ಮಾದರಿಗೆಂದು ಒಂದು ಪುಟ ಮುದ್ರಿಸಿದೆವು. ಅಕ್ಕ ಮನಸ್ಸಿನಲ್ಲೇ ಓದಿಕೊಂಡಳು. ಮತ್ತೆ ಗಟ್ಟಿಯಾಗಿ ಓದಿದಳು: "ಬಾಗಿಲು ಹಾಕಿಕೊಂಡು, ದಿಂಬಿಗೆ ಮುಖ ಒತ್ತಿ ನಾನು ಚಿಕ್ಕಮ್ಮ."

"ಏನಂತೆ ಚಿಕ್ಕಮ್ಮ?"

"ಚಿಕ್ಕಮ್ಮ ಅಲ್ವೋ! ಅತ್ತೆ! ನಾನು ಅತ್ತೆ!"

"ನೀನು ಯಾವಾಗ ಅತ್ತೆ ಆದೆ?"

"ಅಯ್ಯೋ, ಅಳೋದು ಕಣೋ! ಕಣ್ಣೀರು!"

ಪೈಪು ತಿರುಗಿಸುವ ಎಲ್ಬೋ ಕೊಳ್ಳಲು ಬಂದಿದ್ದ ಕೊಳಾಯಿ ಮೇಸ್ತ್ರಿ ಗಾಬರಿಯಿಂದ ನಮ್ಮಿಬ್ಬರ ಮುಖ ನೋಡಿದ. "ಅಣ್ಣಾ, ಯಾರಾದ್ರೂ ತೀರ್ಕೊಂಡ್ರಾ?"

ಪುಟ ಪುಟದಲ್ಲೂ ಅದೇ ಗತಿ. 'ಚಿಕ್ಕಮ್ಮಯ ಸೀರೆ', 'ಚಿಕ್ಕಮ್ಮಗೆ ಕೋಪ'. ಈಗ ತಾನೇ ಮಾತು ಕಲಿತ ಮಗು ಬರೆದಂತಿತ್ತು. ಮತ್ತೆ ತಿರುಗಿಸಿ ಅತ್ತೆ ಮಾಡೋಣ ಎಂದು ಕೈ ಚಾಚಿದೆ. ಅಕ್ಕ ನನ್ನ ಕೈ ಮೇಲೆ ಫಟ್ಟನೆ ಹೊಡೆದಳು. ಕಥೆಯಲ್ಲಿ ಸೊಸೆಯ ತವರಿನಿಂದ ನಿಜವಾದ ಚಿಕ್ಕಮ್ಮ ಒಬ್ಬಳು ಬರುತ್ತಾಳಂತೆ. ತಿರುಗಿಸಿದರೆ ಅವಳೂ ಅತ್ತೆಯಾಗಿ, ಇಬ್ಬರು ಅತ್ತೆಯರು ಒಬ್ಬರನ್ನೊಬ್ಬರು ಬೈದಾಡುತ್ತಾರೆ.

ಬೇರೆ ದಾರಿ ಇರಲಿಲ್ಲ. ಅಕ್ಕ ರಜೆ ಹಾಕಿ ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಒಂದೊಂದು ಚಿಕ್ಕಮ್ಮನನ್ನೂ ನಿಲ್ಲಿಸಿ ವಿಚಾರಣೆ. "ಇಲ್ಲಿ ಹೆಂಗಸು. ಇಲ್ಲಿ ಅಳು. ಇಲ್ಲೂ ಅಳು." ಗಿರಾಕಿ ಅರ್ಧ ಇಂಚಿನ ನಲ್ಲಿ ಕೇಳಿದರೆ ನಾನು ಮುಕ್ಕಾಲಿನದು ಕೊಟ್ಟೆ.

"ಅಕ್ಕಾ, ಎಷ್ಟು ಅಳ್ತಾಳೆ ನಿನ್ನ ಹುಡುಗಿ? ವಾಷರ್ ಹೋಗಿದ್ಯಾ?"

ಬೈಗುಳಕ್ಕೆ ಕಾದೆ. ಬರಲಿಲ್ಲ. ಅವಳು ಪರದೆಯನ್ನೇ ನೋಡುತ್ತ, "ನಾನು ಇಷ್ಟು ಬರೆದಿದ್ನಾ?" ಎಂದಳು. ಆಮೇಲೆ ಅಳು ಬಂದಲ್ಲಿ ತಿದ್ದುವುದನ್ನು ಬಿಟ್ಟು ಸಾಲನ್ನೇ ಅಳಿಸತೊಡಗಿದಳು. ಕೆಲವನ್ನಷ್ಟೇ ಉಳಿಸಿದಳು. ಯಾವುದನ್ನು, ಯಾಕೆ ಎಂದು ನನಗೆ ಈಗಲೂ ಅರ್ಥವಾಗಿಲ್ಲ. ಮನೆ ಆಳುವವಳನ್ನು ಮಾತ್ರ ಅತ್ತೆ ಎಂದೇ ಬಿಟ್ಟಳು. "ಓದ್ಲಿ ಬಿಡು. ಕೇಳಿದ್ರೆ, ಹೌದು ನೀವೇ ಅಂತೀನಿ."

ಶನಿವಾರ ಸಂಜೆ, ಅಂಗಡಿಯ ಶಟರ್ ಅರ್ಧ ಇಳಿಸಿ ಕಳುಹಿಸಿದೆವು. ಸೋಮವಾರ ಉತ್ತರ ಬಂತು: 'ತಮ್ಮ ಹಸ್ತಪ್ರತಿಯನ್ನು ಸ್ವೀಕರಿಸಿದ್ದೇವೆ.'

"ಸ್ವೀಕರಿಸಿದ್ದೇವೆ ಅಂದ್ರೆ ಒಪ್ಪಿದ್ರಾ, ಬರೀ ಕೈಗೆ ಸಿಕ್ತಾ?" ಅಕ್ಕ ಫೋನಿನಲ್ಲಿ ಕೇಳಿದಳು. ನಾನು ಆ ಸಾಲನ್ನು ಮೇಲಿಂದ, ಕೆಳಗಿಂದ ಓದಿದೆ. ಮೇಸ್ತ್ರಿಗೂ ತೋರಿಸಿದೆ. ಮೂವರಿಗೂ ಇನ್ನೂ ತಿಳಿದಿಲ್ಲ. ಅಕ್ಕ ಮಾತ್ರ ಮಾರನೆಯ ದಿನದಿಂದ ಇನ್ನೊಂದು ಕಾದಂಬರಿ ಟೈಪ್ ಮಾಡುತ್ತಿದ್ದಾಳೆ.

ಆ ಮೊದಲ ಕಾದಂಬರಿಯಲ್ಲಿ ನಾನು ಓದಿರುವುದು ಚಿಕ್ಕಮ್ಮ ಎಂದಿದ್ದ ಸಾಲುಗಳನ್ನು ಮಾತ್ರ. ಅದನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದುವುದು, ನಾನು ಅಕ್ಕನಿಗೆ ಕೊಡಬೇಕಾದ ಬಾಕಿ.