ಬೀಸುಕಲ್ಲಿನ ಮುಂದೆ ಟ್ಯಾಬ್ ಇಟ್ಟು ಕೂತಾಗ

"ಅದರ ಮುಂದ ನಾ ಹಾಡಂಗಿಲ್ಲ. ನನ್ನ ಮಾರೀನೇ ನೋಡ್ಲಾಕತ್ತದ ಅದು" ಅಂದರು ನಮ್ಮ ಅತ್ತಿ.

ಟ್ಯಾಬನ್ನು ಬೋರಲು ಹಾಕಿದೆ. ಆಮೇಲೆ ಸಮಾಧಾನ ಆಯಿತು ಅವರಿಗೆ.

ಮಗಳು ಸುನಂದಾಳ ಮದುವೆಗೆ ಎಂಟೇ ದಿನ ಇತ್ತು. ನಮ್ಮ ಸಗರ ಊರಿನ ಮನೆಯಲ್ಲಿ ಮದುವೆ ಅಂದರೆ ಮೊದಲು ಬೀಸುಕಲ್ಲಿಗೆ ಪೂಜೆ. ಐದು ಮಂದಿ ಮುತ್ತೈದೆಯರು ಕೂತು ಅರಿಶಿಣ ಬೀಸುತ್ತ ಒಂದು ಪದ ಹಾಡಬೇಕು. ಶಿವನಿಂದ ಶುರುವಾಗಿ ಮನೆ ಮಂದಿ ಹೆಸರೆಲ್ಲ ಒಂದೊಂದು ನುಡಿಯಲ್ಲಿ ಬರುತ್ತವೆ.

ಆ ಪದ ಯಾವ ಪುಸ್ತಕದಲ್ಲೂ ಇಲ್ಲ. ಬರುವುದು ಅತ್ತಿ ಒಬ್ಬರಿಗೇ. ಅವರಿಗೆ ಈಗ ದಮ್ಮು, ಮಂದಿ ನಡುವೆ ಕೂತು ಅಷ್ಟೂ ಹಾಡಲು ಆಗುವುದಿಲ್ಲ. ನಾವು ಕಲಿಯಲಿಲ್ಲ ಅಂದರೆ ನನ್ನ ಮಗಳ ಅರಿಶಿಣ ಮೂಕರಂಗೆ ಬೀಸಬೇಕಾಗುತ್ತಿತ್ತು...

ಈ ಟ್ಯಾಬ್ ಸುನಂದಾಳದೇ. ಸುರಪುರದಲ್ಲಿ ಟೀಚರ್ ಇದ್ದಾಳೆ, ಹೊಸದು ತಗೊಂಡು ಹಳೆಯದು ನನಗೆ ಕೊಟ್ಟಿದ್ದಳು. ಒಂದು ವರ್ಷ ನಾನು ಅದರಲ್ಲಿ ಪ್ರವಚನ ಒಂದೇ ಕೇಳಿದ್ದು. ಬೇರೆ ಕೆಲಸ ಮಾಡುತ್ತದೆ ಅಂತ ಯಾರಿಗೆ ಗೊತ್ತು?

"ಯವ್ವ, ಬರಿಯೋ ಜಾಗದಾಗ ಮೈಕಿನ ಚಿತ್ರ ಅದ ನೋಡು. ಅದನ್ನ ಒತ್ತಿ ಮಾತಾಡು, ತಾನೇ ಕನ್ನಡದಾಗ ಬರೀತದ" ಅಂತ ಫೋನಿನಲ್ಲಿ ಹೇಳಿದಳು.

ಒತ್ತಿದೆ. ಅತ್ತಿ ಮಾತಾಡಿದರು. ಅದು ಬರೆದುಕೊಂಡಿದ್ದು ಇಷ್ಟು: ಬಾಯಾಗ ಬರವಲ್ದು ಹೋಗು ಸಾರಿಗಿ ಉಪ್ಪು ಹಾಕಿದಿ ಇಲ್ಲೋ.

ಬೈದದ್ದೆಲ್ಲ ಚಂದಾಗಿ ಬಂತು. ಪದದ್ದು ಒಂದು ಸಾಲೂ ಇಲ್ಲ.

ತಪ್ಪು ಟ್ಯಾಬಿನದಲ್ಲ. ನಮ್ಮ ಅತ್ತಿಯವರಿಗೆ ಕೈ ತಿರುಗಿದರೇ ಪದ ಬಾಯಿಗೆ ಬರುವುದು. ಸಣ್ಣಾಕಿ ಇದ್ದಾಗಿಂದ ಬೀಸುತ್ತಲೇ ಹಾಡಿದವರು, ಸುಮ್ಮನೆ ಕೂತು ಹೇಳು ಅಂದರೆ ಎಲ್ಲಿಂದ ಹೇಳಬೇಕು?

ಕಲ್ಲು ಹೊರಗೆ ತೆಗೆದೆವು. ಬರೀ ಕಲ್ಲು ತಿರುವಬಾರದು, ಅದಕ್ಕೆ ಒಂದು ಹಿಡಿ ಜೋಳ ಹಾಕಿಕೊಂಡರು. ನಾನು ರೆಕಾರ್ಡರ್ ಒತ್ತಿದೆ.

ತಿರುಗಿ ಕೇಳಿದರೆ ಬರೀ ಗರ ಗರ. ಅತ್ತಿ ದನಿ ಬಾವಿಯೊಳಗಿಂದ ಬಂದಂಗೆ!

ಅದರಲ್ಲಿ ನನ್ನವು ಎರಡು ತಪ್ಪು. ಟ್ಯಾಬ್ ಮನೆಗೆ ಬಂದ ದಿನ ನಮಗೆ ಹೊಸ ಸಾಮಾನು ಅಂತ ವಿಭೂತಿ, ಕುಂಕುಮ ಹಚ್ಚಿ ಪೂಜೆ ಮಾಡಿದ್ದೆ. ಆ ವಿಭೂತಿ ಮೈಕಿನ ಸಣ್ಣ ತೂತಿನಲ್ಲಿ ಕೂತುಬಿಟ್ಟಿತ್ತು, ಬಾಯಿ ಹತ್ತಿರ ಹಿಡಿದರಷ್ಟೇ ಮಾತು ಹಿಡಿಯುತ್ತಿತ್ತು. ಶಹಾಪುರದ ಮೊಬೈಲ್ ಅಂಗಡಿಯವರು ಮೆತ್ತನೆಯ ಬ್ರಷ್‌ನಿಂದ ತೆಗೆದುಕೊಟ್ಟರು.

"ಅಕ್ಕಾರ, ದೇವ್ರಿಗಿ ಹಚ್ರಿ, ಮೈಕಿಗಿ ಬ್ಯಾಡ" ಅಂತ ನಕ್ಕರು. ನಾನೂ ನಕ್ಕೆ, ಏನು ಮಾಡಲಿ.

ಇನ್ನೊಂದು, ಕಲ್ಲಿದ್ದ ನೆಲದ ಮೇಲೇ ಟ್ಯಾಬ್ ಇಟ್ಟಿದ್ದೆ. ಕಲ್ಲಿನ ಗುಡುಗೆಲ್ಲ ಅದಕ್ಕೆ ಏರುತ್ತಿತ್ತು. ಮರುದಿನ ಸ್ಟೂಲಿನ ಮೇಲೆ ಹೊದೆಯುವ ಕೌದಿ ಮಡಚಿ, ಅದರ ಮೇಲೆ ಇಟ್ಟೆ. ಶಿವನ ದಯೆ, ಗಂಟೆ ಬಾರಿಸಿದಂಗೆ ಬಂತು ದನಿ.

ನೀವೂ ರೆಕಾರ್ಡ್ ಮಾಡುವುದಿದ್ದರೆ ಮೊದಲು ನೆಟ್ ಬಂದ್ ಮಾಡಿರಿ. ಇಲ್ಲ ಅಂದರೆ ಗ್ರೂಪಿನ ಗುಡ್ ಮಾರ್ನಿಂಗ್‌ಗಳು ನಡುನಡುವೆ ಟಣ್ ಟಣ್ ಅಂತಾವೆ.

ಮಧ್ಯಾಹ್ನ ಕೂತು ವೇಗ ಅರ್ಧಕ್ಕೆ ಇಳಿಸಿ ಕೇಳುತ್ತ ಹೋದೆ. ಒಂದು ಸಾಲು ಕೇಳುವುದು, ನಿಲ್ಲಿಸುವುದು, ನಾನು ಅದನ್ನೇ ಮೈಕಿಗೆ ನಿಧಾನ ಹೇಳುವುದು. ತಪ್ಪು ಬಿದ್ದದ್ದು ಬೆರಳಿನಿಂದ ತಿದ್ದುವುದು. ನಾನು ಏಳನೇ ಕ್ಲಾಸ್ ಕಲಿತಾಕಿ, ಆದರೂ ಬಂತು.

ರೆಕಾರ್ಡಿಂಗಿನ ನಡುವೆ ಕುಕ್ಕರಿನ ಸೀಟಿ ಕೇಳಿಸಿತು. ಹೌದು, ಆಗ ನಾನು ಒಳಗೆ ಓಡಿದ್ದೆ. ರೆಕಾರ್ಡರ್ ನಡೆದೇ ಇತ್ತು.

ಅತ್ತಿ ಒಬ್ಬರೇ ಹಾಡುತ್ತಿದ್ದಾರೆ...

ಎಲ್ಲಾರು ಉಂಡ ಮ್ಯಾಲ ಉಳದದ್ದು ಉಣ್ಣಾಕಿ
ಎಲ್ಲಾರಿಗಿಂತ ಮೊದಲೇಳಾಕಿ ಶರಣಮ್ಮ
ನನ ಕಲ್ಲಿಗಿ ಜೋಡಿ ಕೈಯಾದ್ಲ

ಶರಣಮ್ಮ ಅಂದರೆ ನಾನು.

ಇಪ್ಪತ್ತೆಂಟು ವರ್ಷ ಆಯಿತು ಈ ಮನೆಗೆ ಬಂದು. ಅವರ ಬಾಯಿಂದ ಚಲೋ ಅದ ಅನ್ನಿಸಿಕೊಂಡದ್ದು ನನ್ನ ರೊಟ್ಟಿ ಮಾತ್ರ, ಅದೂ ಎರಡು ಸಲ. ಆ ನುಡಿಯನ್ನು ಮೂರು ಸಲ ಹಿಂದೆ ಎಳೆದು ಕೇಳಿದೆ.

ಬರೆದುಕೊಂಡೆ. ಆದರೆ ದೇವರ ಮುಂದೆ ನನ್ನ ಹೊಗಳಿಕೆ ನಾನೇ ಹಾಡಬಾರದಲ್ಲ. ಅದಕ್ಕೆ ಎಲ್ಲಾ ನುಡಿಗಳ ಕೆಳಗೆ, ಕಟ್ಟಕಡೆಗೆ ಇಟ್ಟೆ. ಅಲ್ಲಿಗೆ ಬರುವ ಮೊದಲೇ ನಿಲ್ಲಿಸಿದರಾಯಿತು ಅಂತ.

ಅರಿಶಿಣ ಬೀಸುವ ದಿನ ಟ್ಯಾಬ್ ಎದುರಿಗೆ ನಿಲ್ಲಿಸಿದ್ದೆ, ಅಕ್ಷರ ದೊಡ್ಡದು ಮಾಡಿ, ಸ್ಕ್ರೀನ್ ಅರ್ಧ ಗಂಟೆ ಆರದಂಗೆ ಸೆಟ್ ಮಾಡಿ. ಕೈಯೆಲ್ಲ ಅರಿಶಿಣ ಆಗಿರುತ್ತದೆ ನೋಡಿರಿ, ಪದೇ ಪದೇ ಮುಟ್ಟಲು ಬರುವುದಿಲ್ಲ. ಬೆರಳಿನ ಗಿಣ್ಣಿನಿಂದ ಸರಿಸುವ ಕೆಲಸ ಪಕ್ಕದ ಮನೆ ಕಾಶಮ್ಮನದು.

ಎಲ್ಲಾ ಮುಗಿಯಿತು ಅಂತ ನಾನು ಕಲ್ಲು ನಿಲ್ಲಿಸಲು ಹೋದೆ. ಕಾಶಮ್ಮ ಇನ್ನೊಮ್ಮೆ ಸರಿಸಿದಳು.

"ತಡಿ, ಇನ್ನೊಂದು ನುಡಿ ಅದ" ಅಂದು ಶುರು ಮಾಡಿಯೇಬಿಟ್ಟಳು. ಉಳಿದ ನಾಲ್ಕೂ ಮಂದಿ ಹಾಡಿದರು. ನಾನು ತಲೆ ಬಗ್ಗಿಸಿ ಕಲ್ಲು ತಿರುವಿದೆ.

ಹೊರಸಿನ ಮೇಲೆ ಕೂತಿದ್ದ ಅತ್ತಿ ಕೇಳಿದರು, "ಅದನ್ಯಾರು ಹಾಕ್ಯಾರ ಅದರಾಗ?"

"ನೀವೇ ಹಾಡೀರಲ್ರಿ ಅತ್ತಿ."

"ನಾ ಕುಕ್ಕರಿಗಿ ಹಾಡಿದ್ದೆ, ನಿನಗಲ್ಲ."

ಎಲ್ಲಾರೂ ನಕ್ಕರು, ಮದುಮಗಳು ಎಲ್ಲಾರಿಗಿಂತ ಜೋರು. ನಗು ನಿಂತ ಮೇಲೆ ಅತ್ತಿ ಗೋಡೆ ಕಡೆ ನೋಡುತ್ತ ಅಂದರು, "ಧಾಟಿ ಕೆಡಿಸ್ಯಾರ. ಮತ್ತೊಮ್ಮಿ ಹಾಡ್ರಿ, ನಾ ಹೇಳಿಕೊಡ್ತೀನಿ."

ನಿಮ್ಮ ಮನೆಯ ಹಿರಿಯರು ನಿಮ್ಮ ಬಗ್ಗೆ ಏನು ಹಾಡಿಕೊಳ್ಳುತ್ತಾರೆ, ಎಂದಾದರೂ ಕೇಳಿಸಿಕೊಂಡೀರೇನು?